ಹಿಂದಿನ ಸೀಟಿನ ತಲೆ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯದ ವಿಷಯವನ್ನು ಆರಿಸಿಕೊಳ್ಳುವುದು ನಮ್ಮ ಮುಂಬಯಿಯ ಕನ್ನಡ ಸಂಘಗಳಲ್ಲಿ ನಡೆದು ಬಂದ ವಾಡಿಕೆ. ನಾನು ಇಂದು ಹೆಲ್ಮೆಟ್ಟಿನ ಬಗ್ಗೆ ಮಾತನಾಡುತ್ತೇನೆ. ಘಾಟ್ಕೋಪರಿನಲ್ಲಿ, ಕುರ್ಲಾದಲ್ಲಿ, ಬೊರಿವಲಿಯಲ್ಲಿ ನಮ್ಮವರ ಎಷ್ಟೋ ಸಂಸಾರಗಳು ಒಂದು ಸ್ಕೂಟರಿನ ಮೇಲೆ ಓಡಾಡುತ್ತವೆ. ಅಪ್ಪನ ತಲೆಗೆ ಹೆಲ್ಮೆಟ್ ಇರುತ್ತದೆ, ಪೊಲೀಸರ ಭಯಕ್ಕಾದರೂ. ಹಿಂದೆ ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ತಾಯಿಯ ಮುಡಿಯಲ್ಲಿ ಮಲ್ಲಿಗೆ ಇರುತ್ತದೆ. ನಡುವೆ ಮಗು ಬರಿತಲೆಯಲ್ಲಿ ಕೂತಿರುತ್ತದೆ.

‘ನನ್ನ ತಲೆ, ನನ್ನ ಇಷ್ಟ’ ಎನ್ನುವ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರಾಯಕ್ಕೆ ಬಂದ ಮನುಷ್ಯನ ಮೈಮೇಲೆ ಏನಿರಬೇಕೆಂದು ಸರ್ಕಾರ ಹೇಳಹೊರಟಾಗ ಕಾರಣ ಕೇಳುವುದು ಪ್ರಜೆಯ ಹಕ್ಕು. ಅಜಯ್ ಕಾನು ಎಂಬವರು ಆಂಧ್ರಪ್ರದೇಶದ ಹೆಲ್ಮೆಟ್ ನಿಯಮದ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಗಿ ಆ ಕಾರಣವನ್ನು ಕೇಳಿದರು. ಹೆಲ್ಮೆಟ್ ಕಡ್ಡಾಯ ಮಾಡಿದರೆ ಸಂವಿಧಾನ ಕೊಟ್ಟ ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದಿಲ್ಲ ಎಂದು 1988ರಲ್ಲಿ ತೀರ್ಪು ಬಂತು. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ಶ್ರದ್ಧೆಯ ಪ್ರಶ್ನೆ ಬಂದಲ್ಲಿ ಕಾನೂನು ಕಿವಿಗೊಟ್ಟಿದೆ ಎಂದಾಯಿತು. ಸೆಕೆ, ಬೆವರು, ಕೂದಲು ಉದುರುವ ಚಿಂತೆ ಇವುಗಳಿಗೆ ಅದು ಕಿವಿಗೊಟ್ಟಿಲ್ಲ, ಕೊಡಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಆ ಕಲಮು ಮೊದಲಿನಿಂದಲೂ ಹಿಂದೆ ಕೂತವರನ್ನೂ ಒಳಗೊಂಡಿತ್ತು. ಆದರೆ ಅದನ್ನು ಬಿಗಿಯಾಗಿ ಜಾರಿಗೆ ತರುತ್ತೇವೆಂದು ಮುಂಬಯಿ ಸಂಚಾರಿ ಪೊಲೀಸರು ಪ್ರಕಟಿಸಿದ್ದು 2022ರ ಮೇ 25ರಂದು. ಹದಿನೈದು ದಿನಗಳ ಗಡುವು ಕೊಟ್ಟು ಜೂನ್ 9ರಿಂದ ಹಿಡಿಯಲು ಶುರುಮಾಡಿದರು. ದಂಡ 500 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಆಗ ಎದ್ದ ಗೊಣಗಾಟ ನಿಮಗೆಲ್ಲ ನೆನಪಿರಬಹುದು. ಇನ್ನೊಂದು ಹೆಲ್ಮೆಟ್ಟನ್ನು ಇಡುವುದೆಲ್ಲಿ? ಸ್ಟೇಷನ್ನಿಗೆ ಬಿಟ್ಟು ಬರಲಿಕ್ಕೂ ಬೇಕೇ? ಇಲ್ಲೇ ಹತ್ತಿರ, ಗಲ್ಲಿಯ ಆ ತುದಿಗೆ!

‘ನನ್ನ ಇಷ್ಟ’ ಎನ್ನುವ ವಾದ ಈ ಹಿಂದಿನ ಸೀಟಿಗೆ ಬಂದಾಗ ನಿಲ್ಲುವುದಿಲ್ಲ ಎಂಬುದೇ ನಾನು ಹೇಳಬೇಕಾದ ಮಾತು. ಹ್ಯಾಂಡಲ್ ಹಿಡಿದವನ ಕೈಯಲ್ಲಿ ಬ್ರೇಕಿದೆ, ಎದುರಿನ ಗುಂಡಿ ಅವನಿಗೆ ಕಾಣುತ್ತದೆ, ವೇಗವನ್ನು ಅವನೇ ನಿಶ್ಚಯಿಸುತ್ತಾನೆ. ಹಿಂದೆ ಕೂತವಳಿಗೆ ಇವು ಯಾವುವೂ ಇಲ್ಲ. ಮನೆಗೆ ಒಂದೇ ಹೆಲ್ಮೆಟ್ ಕೊಂಡಾಗ ಯಾರ ತಲೆಗೆ ಅದು ಎಂದು ಆಕೆಯನ್ನು ಯಾರೂ ಕೇಳಲಿಲ್ಲ. ಅಲ್ಲಿ ನಡೆದದ್ದು ಒಬ್ಬನ ತೀರ್ಮಾನ, ಗಾಯವಾಗುವುದು ಇನ್ನೊಬ್ಬರಿಗೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಇವರನ್ನು ಸ್ವಾತಂತ್ರ್ಯ ಚಲಾಯಿಸಿ ಸತ್ತವರ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಊರೊಳಗೆ ವೇಗವೇ ಇಲ್ಲ, ಹೈವೇಯಲ್ಲಿ ಬೇಕಾದರೆ ಹಾಕೋಣ ಎನ್ನುವುದು ಇನ್ನೊಂದು ವಾದ. ಪುಣೆಯ ಹೆಲ್ಮೆಟ್ ವಿರೋಧಿ ಚಳವಳಿ ಇದನ್ನು ವರ್ಷಗಟ್ಟಲೆ ಮುಂದಿಟ್ಟಿತು, 2019ರ ಜನವರಿಯಲ್ಲಿ ಅಲ್ಲಿನ ಪೊಲೀಸರು ನಿಯಮ ಬಿಗಿಗೊಳಿಸಿದಾಗ ಬೀದಿಗೂ ಇಳಿಯಿತು. ಕೇಳಲು ಸರಿಯೆನ್ನಿಸುತ್ತದೆ. ಆದರೆ ಸ್ಕೂಟರಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನಿಂತ ವಾಹನದಿಂದ ಬಿದ್ದರೂ ಆ ಎತ್ತರದಿಂದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 20 ಕಿಲೋಮೀಟರಿನ ಹತ್ತಿರ ಇರುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ಕಲಿತವರು ಯಾರಾದರೂ ಈ ಲೆಕ್ಕ ಮಾಡಬಹುದು. ಇಂಜಿನ್ನಿನ ವೇಗ ಎಷ್ಟೇ ಕಡಿಮೆಯಿರಲಿ, ನೆಲದ ಸೆಳೆತ ಕಡಿಮೆಯಾಗುವುದಿಲ್ಲ. ಒಂದು ಬದಿಗೆ ಕೂತು ಹಿಡಿದುಕೊಳ್ಳಲು ಗಂಡನ ಭುಜ ಮಾತ್ರ ಇರುವ ಹೆಂಗಸು ಬೀಳುವುದೂ ಹೀಗೆಯೇ, ಕಾಂಕ್ರೀಟಿನ ಮೇಲೆ.

ಹೆಲ್ಮೆಟ್ಟಿನ ಕೆಲಸ ನಡೆಯುವುದು ಒಳಗಿನ ಥರ್ಮಾಕೋಲ್ ಪದರದಲ್ಲಿ. ಟಿವಿ ಪೆಟ್ಟಿಗೆಯೊಳಗಿನ ಥರ್ಮಾಕೋಲಿನ ಹಾಗೆ ಅದು ತಾನು ಜಜ್ಜಿಹೋಗಿ ತಲೆ ನಿಲ್ಲಲು ಒಂದಿಷ್ಟು ಹೆಚ್ಚು ಸಮಯ ಕೊಡುತ್ತದೆ. ಮಿಲಿಸೆಕೆಂಡುಗಳ ಆ ಅವಧಿಯಲ್ಲೇ ಮಿದುಳು ಉಳಿಯುತ್ತದೆ. ಸಾವಿನ ಅಪಾಯ ಸುಮಾರು ಶೇಕಡಾ 42, ತಲೆಪೆಟ್ಟಿನ ಅಪಾಯ ಶೇಕಡಾ 69 ಇಳಿಯುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ಸಮೀಕ್ಷೆ ಕಂಡುಕೊಂಡಿದೆ. ಒಂದು ಸಲ ಜಜ್ಜಿದ ಪದರ ಮತ್ತೆ ಮೊದಲಿನಂತಾಗದು, ಅಂಥದನ್ನು ಎಸೆಯಬೇಕು. ಫುಟ್‌ಪಾತಿನಲ್ಲಿ ಮಾರುವ ಟೊಪ್ಪಿಯಂಥ ಚಿಪ್ಪಿನಲ್ಲಿ ಈ ಪದರವೇ ಇರುವುದಿಲ್ಲ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ಮಾರಾಟ 2021ರ ಜೂನ್ 1ರಿಂದ ನಿಷಿದ್ಧ. ಆದರೂ ನಾಕಾಬಂದಿ ದಾಟಲಿಕ್ಕೆಂದೇ ಅದನ್ನು ಕೊಳ್ಳುವವರಿದ್ದಾರೆ.

ಈಗ ರಸ್ತೆಯ ಮಾತು. ‘ಮೊದಲು ಗುಂಡಿ ಮುಚ್ಚಿ, ಆಮೇಲೆ ನನ್ನ ತಲೆ ಮುಚ್ಚಿಸಿ’ ಎನ್ನುವವರ ಸಿಟ್ಟು ನನ್ನದೂ ಹೌದು. 2015ರ ಜುಲೈ 28ರಂದು ಜೋಗೇಶ್ವರಿ–ವಿಖ್ರೋಲಿ ಲಿಂಕ್ ರಸ್ತೆಯಲ್ಲಿ ಮಳೆನೀರು ತುಂಬಿದ ಗುಂಡಿಗೆ ಒಂದು ಬೈಕ್ ಬಿತ್ತು. ಓಡಿಸುತ್ತಿದ್ದವನ ತಲೆಗೆ ಹೆಲ್ಮೆಟ್ ಇತ್ತು, ಅವನು ಬದುಕಿದ. ಹಿಂದೆ ಕೂತಿದ್ದ ಹದಿನಾರರ ಹುಡುಗನಿಗೆ ಇರಲಿಲ್ಲ, ಅವನು ತೀರಿಹೋದ. ಅವನ ತಂದೆ ದಾದಾರಾವ್ ಬಿಲ್ಹೋರೆ, ತರಕಾರಿ ಮಾರುವವರು. ಅಂದಿನಿಂದ ಅವರು ಈ ನಗರದ ಗುಂಡಿಗಳನ್ನು ತಮ್ಮ ಕೈಯಾರೆ ಕಲ್ಲುಮಣ್ಣು ಹಾಕಿ ಮುಚ್ಚುತ್ತಾ ಬಂದರು. ಆ ಒಂದೇ ಘಟನೆಯಲ್ಲಿ ರಸ್ತೆಯ ತಪ್ಪೂ ಇದೆ, ಎರಡನೆಯ ಹೆಲ್ಮೆಟ್ಟಿನ ಕೊರತೆಯೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಮನ್ನಾ ಮಾಡಲು ಬರುವುದಿಲ್ಲ. ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗವೆಂದು ಬಾಂಬೆ ಹೈಕೋರ್ಟ್ ಅದೇ 2015ರಲ್ಲಿ ಹೇಳಿತು. ಗುಂಡಿಗೆ ಬಿದ್ದು ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹತ್ತು ವರ್ಷ ತಡವಾದರೂ ನಾನು ಅದನ್ನು ಸ್ವಾಗತಿಸುತ್ತೇನೆ.

ಬಡವನ ಕಷ್ಟವನ್ನು ಮಾತ್ರ ಕಾನೂನು ಸರಿಯಾಗಿ ನೋಡಿಲ್ಲ ಎಂಬುದು ನನ್ನ ಅಭಿಪ್ರಾಯ. ಊಟದ ಪೊಟ್ಟಣ ಹೊತ್ತು ಇಡೀ ದಿನ ಓಡುವ ಹುಡುಗನಿಗೆ 500 ರೂಪಾಯಿ ದಂಡವೆಂದರೆ ಅಂದಿನ ಗಳಿಕೆಯ ದೊಡ್ಡ ಪಾಲು. ಲೈಸೆನ್ಸ್ ಹೋದರೆ ಮೂರು ತಿಂಗಳು ಅನ್ನವೇ ಹೋಯಿತು. ಅವನಿಂದ ದುಡಿಸಿಕೊಳ್ಳುವ ಕಂಪನಿ ಒಳ್ಳೆಯ ಹೆಲ್ಮೆಟ್ ಕೊಡಲಿ, ಮಳೆಗಾಲದಲ್ಲಿ ಒದ್ದೆಯಾದರೆ ಬದಲಿಗೆ ಇನ್ನೊಂದನ್ನೂ ಕೊಡಲಿ.

ಹೊಸ ದ್ವಿಚಕ್ರ ವಾಹನದ ಜೊತೆ ತಯಾರಕರು ಹೆಲ್ಮೆಟ್ ಕೊಡಬೇಕೆಂದು ಕೇಂದ್ರದ ನಿಯಮಾವಳಿಯಲ್ಲೇ ಇದೆ. ಇಬ್ಬರು ಕೂರುವ ವಾಹನಕ್ಕೆ ಒಂದು ಸಾಲದು, ಎರಡು ಕೊಡಬೇಕೆಂಬ ಕರಡು ಅಧಿಸೂಚನೆ ಹೊರಟದ್ದು 2025ರ ಜೂನ್‌ನಲ್ಲಿ. ಶೋರೂಮಿನಲ್ಲಿ ಹೆಲ್ಮೆಟ್ ಕೇಳಿ ಪಡೆಯಿರಿ. ಆಯುಧಪೂಜೆಗೆ ಸ್ಕೂಟರ್ ತೊಳೆದು ಹೂವಿಡುವ ಮನೆಗಳಲ್ಲಿ ಈ ಸಲ ಹೆಂಡತಿಯ ಅಳತೆಗೆ ಒಂದು, ಮಗುವಿನ ಅಳತೆಗೆ ಒಂದು ಹೆಲ್ಮೆಟ್ಟನ್ನು ಪೂಜೆಗಿಡಿ. ನಾಲ್ಕು ವರ್ಷದೊಳಗಿನ ಮಗುವಾದರೆ ಸವಾರನ ಮೈಗೆ ಕಟ್ಟುವ ಪಟ್ಟಿಯೂ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ನಮ್ಮ ಸಂಘಗಳು ಸನ್ಮಾನಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ನಮ್ಮ ಹೋಟೆಲುಗಳಲ್ಲಿ ದುಡಿದು ರಾತ್ರಿ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋಗುವ ಹುಡುಗರಿಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಿಸಲು ಎತ್ತಿಡಬೇಕೆಂದು ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಈ ಉಪನ್ಯಾಸಕ್ಕೆ ನನಗೆ ಸಲ್ಲುವ ಗೌರವಧನವನ್ನು ಮೊದಲ ಕಂತಾಗಿ ಇಟ್ಟುಕೊಳ್ಳಿ.