ದುರುಪಯೋಗದ ಕೂಗು, ನಮ್ಮ ಹೊಣೆ

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ಕಾನೂನಿನ ಮಾತೆತ್ತಿದರೆ ಸಾಕು, ಇವತ್ತು ಮೊದಲು ಬರುವ ಪ್ರಶ್ನೆ ‘ಅದರ ದುರುಪಯೋಗ ಆಗ್ತಾ ಇಲ್ಲವೆ?’ ಎಂಬುದು. ಈ ಪ್ರಶ್ನೆಗೆ ಬೆನ್ನು ತಿರುಗಿಸದೆ ಉತ್ತರ ಹೇಳಬೇಕೆಂದು ನಿಂತಿದ್ದೇನೆ.

1961ರ ವರದಕ್ಷಿಣೆ ನಿಷೇಧ ಕಾಯ್ದೆ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಕಾಗದದ ಮೇಲೆಯೇ ಮಲಗಿತ್ತು. ಅಡುಗೆಮನೆಯ ಸ್ಟೌ ಸೊಸೆಯರನ್ನೇ ಹುಡುಕಿಕೊಂಡು ಸಿಡಿಯುವುದನ್ನು ಕಂಡು ಹೆಂಗಸರು ಬೀದಿಗಿಳಿದರು. ಆಮೇಲೆ 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳು ಬಂದವು. 2024ರ ಜುಲೈಯಿಂದ ಅವು ಭಾರತೀಯ ನ್ಯಾಯ ಸಂಹಿತೆಯ 85, 86 ಮತ್ತು 80ನೇ ಕಲಮುಗಳಾಗಿವೆ.

2005ರಲ್ಲಿ ಸುಪ್ರೀಂ ಕೋರ್ಟು ಈ ಕಾನೂನಿನ ದುರ್ಬಳಕೆಯಿಂದ ‘ಕಾನೂನು ಭಯೋತ್ಪಾದನೆ’ ಆದೀತೆಂದಿತು. ಆದರೆ ಕಲಮು ಸಂವಿಧಾನಬದ್ಧವೆಂದೂ ಅದೇ ತೀರ್ಪು ಹೇಳಿತು. ಮೊದಲನೆಯದು ಎಲ್ಲರ ಬಾಯಲ್ಲಿದೆ, ಎರಡನೆಯದು ಯಾರಿಗೂ ನೆನಪಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು, ಕಾರಣ ಬರೆದಿಡದೆ ಪೊಲೀಸರು ಬಂಧಿಸಬಾರದೆಂದಿತು. 2012ರಲ್ಲಿ ಬಂಧಿತರಾದವರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಹೆಂಗಸರು ಎಂಬ ಅಂಕಿಯೂ ಅದರಲ್ಲಿದೆ. ಅತ್ತೆ, ನಾದಿನಿಯರೂ ಹೆಂಗಸರೇ. ಆ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ.

ಶಿಕ್ಷೆಯ ಪ್ರಮಾಣ ಬರೀ ಶೇಕಡಾ 15 ಎಂಬ ಅಂಕಿಯೂ ಅದೇ ತೀರ್ಪಿನದು. ಉಳಿದ 85 ಸುಳ್ಳು ದೂರುಗಳೆಂದು ಅರ್ಥವೆ? ಹೊಡೆತ ಬಿದ್ದದ್ದು ನಾಲ್ಕು ಗೋಡೆಗಳ ನಡುವೆ. ಕಂಡವರು ಗಂಡನ ಮನೆಯವರು. ನಮ್ಮ ರಾಜ್ಯದಲ್ಲಿ ಈ ಮೊಕದ್ದಮೆಯನ್ನು ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ಅವಕಾಶವಿಲ್ಲ. ಹೀಗಾಗಿ ವರ್ಷಗಟ್ಟಲೆ ಅಲೆದು ಸುಸ್ತಾದವಳು, ಒಡವೆ ವಾಪಸು ಸಿಕ್ಕರೆ ಸಾಕೆಂದು, ಕಟಕಟೆಯಲ್ಲಿ ‘ಏನೂ ನಡೆದಿಲ್ಲ’ ಎಂದುಬಿಡುತ್ತಾಳೆ. ದಾಖಲೆಯಲ್ಲಿ ಅದು ಖುಲಾಸೆ. ಇತ್ತ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,400ಕ್ಕೂ ಹೆಚ್ಚು. ಸತ್ತವಳು ದುರುಪಯೋಗ ಮಾಡಲಾರಳು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮುರಿದ ಕೈ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಹೊಡೆದವನು ಗಂಡ, ಹಣ ಕೇಳಿದವಳು ಅತ್ತೆ. ದೂರು ಬರೆದುಕೊಟ್ಟವರು ‘ಕೇಸು ಗಟ್ಟಿಯಾಗಲಿ’ ಎಂದು ದೂರದೂರಿನಲ್ಲಿದ್ದ ನಾದಿನಿಯನ್ನೂ ಸೇರಿಸಿದರು. ನಾನು ಓದಿದೆ, ಸುಮ್ಮನಿದ್ದೆ. ಆ ದಿನ ನಾದಿನಿ ಹೆರಿಗೆ ಆಸ್ಪತ್ರೆಯಲ್ಲಿದ್ದಳೆಂದು ಎದುರು ವಕೀಲರು ರುಜುವಾತು ಮಾಡಿದರು. ಆ ಒಂದು ಸುಳ್ಳಿನ ಜೊತೆ ಮುರಿದ ಕೈಯ ನಿಜವೂ ಕೊಚ್ಚಿಹೋಯಿತು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಆ ಒಂದು ಸಾಲನ್ನು ಹೊಡೆದುಹಾಕಲು ಕೈ ಬರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ದೂರನ್ನು ಹೆಣ್ಣುಮಗಳ ಸ್ವಂತ ಮಾತಿನಲ್ಲೇ ಬರೆಸೋಣ. ಯಾರು, ಯಾವತ್ತು, ಏನು ಮಾಡಿದರೋ ಅಷ್ಟೇ ಇರಲಿ. ಆಸ್ಪತ್ರೆಯ ಚೀಟಿ ಜೋಪಾನವಾಗಿರಲಿ. ಬೇಕಾದದ್ದು ಸೂರು, ಜೀವನಾಂಶವಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಬಾಗಿಲನ್ನೂ ತಟ್ಟೋಣ.

ಕಾನೂನನ್ನು ಸಡಿಲಿಸಿ ಎನ್ನುವವರಿಗೆ ನಮ್ಮ ಉತ್ತರ ‘ಇಲ್ಲ’. ಆದರೆ ಹಾಗೆ ಹೇಳುವ ಬಾಯಿಗೆ ಬಲ ಬರಬೇಕಾದರೆ ನಾವು ಬರೆಸುವ ಪ್ರತಿ ಸಾಲೂ ನಿಜವಾಗಿರಬೇಕು.