ಮಳೆ ದೈವಾಧೀನ, ಗುಳೆ ನಮ್ಮ ಅಧೀನ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನೆಲವು ಬಡ ನೆಲವಲ್ಲ. ಇಲ್ಲಿಯ ಎರೆಭೂಮಿಯು ಒಮ್ಮೆ ತಣಿಯಿತೆಂದರೆ ಹಿಂಗಾರಿ ಜೋಳವು ಆ ತೇವದಿಂದಲೇ ತೆನೆಗಟ್ಟುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಇಂಥ ನೆಲದ ಒಕ್ಕಲಿಗನು, ಮಳೆ ತಪ್ಪಿದ ವರ್ಷ ಮನೆಯನ್ನು ಮುದುಕರಿಗೊಪ್ಪಿಸಿ, ಹೆಂಡಿರು ಮಕ್ಕಳೊಡನೆ ಪುಣೆ, ಮುಂಬಯಿ, ಹೈದರಾಬಾದ, ಬೆಂಗಳೂರುಗಳಿಗೆ ಗುಳೆ ಹೋಗಿ ಪರರ ಕಟ್ಟಡಕ್ಕೆ ಕಲ್ಲುಮಣ್ಣು ಹೊರುವನೆಂದರೆ, ಇದು ಬರಿಯ ದೈವದ ಮಾತೇ?

ಮಳೆಯಿಲ್ಲದೆ ಎರೆಯು ಬಿರಿದು ಬಾಯಿಬಿಡುತ್ತದೆ. ಬೇಸಗೆಯ ಬಿರುಗಾಳಿಗೆ ಮೇಲ್ಮಣ್ಣು ಧೂಳಾಗಿ ಏಳುತ್ತದೆ. ಅನಂತರದ ಹೊಡೆತದ ಮಳೆಗೆ ಉಳಿದ ಮಣ್ಣೂ ಹಳ್ಳದ ಪಾಲಾಗುತ್ತದೆ. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳನ್ನು ನುಗ್ಗಿದಳು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಸಾರಿತು. ಮೂರೇ ವರ್ಷಗಳಲ್ಲಿ ನೆರೆಯೂ ಬರವೂ! ನೀರಿಲ್ಲವೆಂಬುದು ಅರ್ಧಸತ್ಯ, ಬಂದ ನೀರನ್ನು ಹಿಡಿಯಲಿಲ್ಲವೆಂಬುದು ಉಳಿದರ್ಧ.

ಈ ಸಂಕಟವು ನಮಗೊಬ್ಬರಿಗೇ ಬಂದುದಲ್ಲ. ಅಮೇರಿಕೆಯ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನು ಅಗೆದು ಗೋದಿ ಬಿತ್ತಿದರು. 1930ರ ದಶಕದಲ್ಲಿ ಮಳೆ ತಪ್ಪಿತು, ಹೊಲಗಳೇ ಧೂಳಾಗಿ ಹಾರಿದವು, ಲಕ್ಷಗಟ್ಟಲೆ ಜನರು ಊರು ಬಿಟ್ಟರು. 1935ರ ಏಪ್ರಿಲ 14ರಂದು ಹಗಲೇ ಇರುಳಾಯಿತು. ಅದೇ ತಿಂಗಳಲ್ಲಿ ಅಲ್ಲಿಯ ಸರಕಾರವು ಮಣ್ಣಿನ ರಕ್ಷಣೆಗೆ ಕಾಯಿದೆ ಮಾಡಿತು. ಆ ವಿದ್ಯೆ ನಮಗೂ ಹೊಸದಲ್ಲ. ಅದೇ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ ತೇವವನ್ನು ಕಾಯಬೇಕೆಂಬುದನ್ನು ನಮ್ಮವರು ಬಲ್ಲರು.

ಹಾಗಾದರೆ ಕೊರತೆ ಯಾವುದರದು? ವೇಳೆಯದು. 2005ರ ಉದ್ಯೋಗ ಖಾತರಿ ಕಾಯಿದೆಯು ಗ್ರಾಮದ ಪ್ರತಿ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸವನ್ನೂ ಹದಿನೈದು ದಿನಗಳೊಳಗೆ ಕೂಲಿಯನ್ನೂ ಹಕ್ಕೆಂದು ಸಾರಿತು. ವಕೀಲನಾಗಿ ಹೇಳುತ್ತೇನೆ: ವೇಳೆಗೆ ದೊರೆಯದ ಹಕ್ಕು ಕಾಗದದ ಹಕ್ಕು. ಒಕ್ಕಲಿಗನು ಬಸ್ಸು ಹತ್ತಿದ ಮೇಲೆ ಬಂದ ಕೆಲಸದಿಂದ ಯಾರಿಗೇನು ಫಲ? ಬೆಳೆ ಹೋಯಿತೆಂದು ತಿಳಿದ ವಾರದಲ್ಲಿಯೇ ಒಡ್ಡು, ಕೃಷಿಹೊಂಡ, ಕೆರೆಯ ಹೂಳಿನ ಕೆಲಸಗಳು ಊರಲ್ಲಿ ಆರಂಭವಾಗಲಿ. ಮಣ್ಣನ್ನು ತಡೆಯುವ ಒಡ್ಡೇ ಮನೆತನವನ್ನೂ ತಡೆಯುತ್ತದೆ.

ಶಿಕ್ಷಕರೇ, ಗುಳೆಯ ಮೊದಲ ದಾಖಲೆ ಇರುವುದು ಕಚೇರಿಯಲ್ಲಲ್ಲ, ನಿಮ್ಮ ಹಾಜರಿ ಪುಸ್ತಕದಲ್ಲಿ. ದೀಪಾವಳಿಯ ತರುವಾಯ ಬಾರದ ಮಕ್ಕಳ ಹೆಸರುಗಳನ್ನು ಬರೆದು ಗ್ರಾಮಸಭೆಯ ಮುಂದಿಡಿರಿ. ಅವರು ಅಜ್ಜಿಯ ಊರಲ್ಲಿಯೇ ಉಂಡು ಓದುವಂತೆ ವಸತಿಯನ್ನು ಕೇಳಿರಿ. ಪಟ್ಟಣದ ಮಹನೀಯರೇ, ಆ ಪಟ್ಟಿಯನ್ನು ತಾಲೂಕು ಕಚೇರಿಗೆ ಮುಟ್ಟಿಸಿ, ಉತ್ತರ ಬರುವವರೆಗೆ ಬೆನ್ನು ಹತ್ತುವುದು ನಿಮ್ಮ ಹೊಣೆ.

1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. 2002ರಲ್ಲಿ ನಂಜುಂಡಪ್ಪ ಸಮಿತಿಯು ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದವೇ ಆಗಿದ್ದವು. ಒಂದಾದ ನಾಡಿನಲ್ಲಿ ಒಕ್ಕಲಿಗನ ಮನೆಯು ಒಡೆದು ಚದರುತ್ತಿದ್ದರೆ, ಏಕೀಕರಣದ ಕೆಲಸ ಇನ್ನೂ ಉಳಿದಿದೆಯೆಂದೇ ಅರ್ಥ.