ಜರಡಿ ಹಿಡಿದ ಕೈ ಯಾರದು?

(ಕೆಲಸ ಹುಡುಕುತ್ತಿರುವ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಪಠ್ಯ)



ನಿಮ್ಮಲ್ಲಿ ನೂರು ಕಡೆ ಅರ್ಜಿ ಹಾಕಿ ಸುಸ್ತಾದವರಿದ್ದೀರಿ. ಬಹಳ ಕಡೆಯಿಂದ ಉತ್ತರವೇ ಬಂದಿಲ್ಲ. 'ನೀವು ಬೇಡ' ಎನ್ನುವ ಒಂದು ಸಾಲೂ ಇಲ್ಲ. ಆಗ ನೀವು ಮಾಡುವುದೇನು? ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ. ನಾನು ಕನ್ನಡ ಮಾಧ್ಯಮದವನು, ನನ್ನ ಕಾಲೇಜು ಸಣ್ಣದು, ನನಗೆ ಯೋಗ್ಯತೆ ಇಲ್ಲ ಎಂದು ತಲೆ ತಗ್ಗಿಸುತ್ತೀರಿ.

ತಲೆ ಎತ್ತಿ! ಆ ನೂರರಲ್ಲಿ ಹೆಚ್ಚಿನ ಕಡೆ ನಿಮ್ಮ ಯೋಗ್ಯತೆಯನ್ನು ಯಾರೂ ಅಳೆದೇ ಇಲ್ಲ. ನಿಮ್ಮ ಕಾಗದವನ್ನು ಜರಡಿ ಹಿಡಿದಿದ್ದಾರೆ, ಅಷ್ಟೆ. ಜರಡಿಗೆ ಕಾಳಿನ ರುಚಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ತೂತಿನ ಅಳತೆ ಮಾತ್ರ. ಆ ತೂತು ಕೊರೆದವರು ಯಾರು, ಎಷ್ಟು ದೊಡ್ಡದು ಕೊರೆದಿದ್ದಾರೆ ಎಂಬುದನ್ನು ನೀವು ತಿಳಿಯಬೇಕು.

ಮೊದಲ ಜರಡಿ ಯಂತ್ರದ್ದು. ಇಂದು ದೊಡ್ಡ ಕಂಪನಿಗಳಿಗೆ ಕಳಿಸುವ ಅರ್ಜಿ ಮೊದಲು ಹೋಗುವುದು ಮನುಷ್ಯರ ಮೇಜಿಗಲ್ಲ, ಕಂಪ್ಯೂಟರಿನ ಹೊಟ್ಟೆಗೆ. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ. ೬೦ ಇದೆಯೇ? ಉಳಿಸಿಕೊಂಡ ವಿಷಯ ಇದೆಯೇ? ಅನುಭವ ಎಷ್ಟು ವರ್ಷ? ಇಂಥ ಪ್ರಶ್ನೆಗಳಿಗೆ ಒಂದು ಉತ್ತರ ತಪ್ಪಿದರೆ ಸಾಕು, ನೀವು ಹೊರಗೆ. ಪಿಯುಸಿಯಲ್ಲಿ ಶೇ. ೫೯ ಬಂದವನು ಪದವಿಯಲ್ಲಿ ಚಿನ್ನದ ಪದಕ ತಂದಿದ್ದರೂ ಆ ಜರಡಿಗೆ ಕಾಣುವುದಿಲ್ಲ. ಉಳಿದವರಲ್ಲಿ ಜಾಹೀರಾತಿನ ಪದಗಳನ್ನು ಹುಡುಕುತ್ತಾರೆ. ಪದ ಸಿಕ್ಕವರು ಮೇಲೆ, ಸಿಗದವರು ತಳಕ್ಕೆ.

ಇದು ನನ್ನ ಊಹೆಯಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ೨೦೨೧ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳ ಕಂಪನಿಗಳನ್ನು ಕೇಳಿದವು. ಪಟ್ಟಿಯ ಷರತ್ತುಗಳಿಗೆ ಅಕ್ಷರಶಃ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರೇ ಜರಡಿಯಲ್ಲಿ ಹೊರಬೀಳುತ್ತಿದ್ದಾರೆ ಎಂದು ಶೇ. ೮೮ ಕಂಪನಿಗಳು ಒಪ್ಪಿಕೊಂಡವು. ಜರಡಿ ಹಿಡಿದವರೇ ಒಪ್ಪಿಕೊಂಡ ಮೇಲೆ ನೀವೇಕೆ ನಾಚಬೇಕು?

ಯಂತ್ರಕ್ಕೆ ಪಕ್ಷಪಾತ ಇಲ್ಲ ಎನ್ನುವವರೂ ಇದ್ದಾರೆ. ಸುಳ್ಳು! ಅಮೆಜಾನ್ ಕಂಪನಿ ಅರ್ಜಿಗಳಿಗೆ ಅಂಕ ಕೊಡುವ ಒಂದು ಯಂತ್ರವನ್ನು ಕಟ್ಟಿ ನೋಡಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ಅದಕ್ಕೆ ಪಾಠವಾಗಿ ಕೊಟ್ಟರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಕಲಿತದ್ದೇನು? 'ಮಹಿಳಾ' ಎಂಬ ಅರ್ಥದ ಪದ ಕಂಡ ಅರ್ಜಿಗೆ ಅಂಕ ಕಡಿಮೆ ಕೊಡುವುದನ್ನು! ಕೊನೆಗೆ ಅದನ್ನು ಕೈಬಿಟ್ಟರು; ೨೦೧೮ರಲ್ಲಿ ಸುದ್ದಿ ಹೊರಬಂತು. ಹಿರಿಯರ ಚಾಳಿಯನ್ನೇ ಮಗು ಕಲಿಯುತ್ತದೆ, ಯಂತ್ರವೂ ಹಾಗೆಯೇ.

ಎರಡನೆಯ ಜರಡಿ ಕಣ್ಣಿನದು. ಯಂತ್ರ ದಾಟಿದ ಅರ್ಜಿಯನ್ನು ಸಿಬ್ಬಂದಿ ವಿಭಾಗದವರು ಕೆಲವೇ ಕ್ಷಣ ನೋಡುತ್ತಾರೆ. ಆ ಕ್ಷಣದಲ್ಲಿ ಅವರಿಗೆ ಕಾಣುವುದು ಹೆಸರು, ಊರು, ಕಾಲೇಜು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿದರು. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸುಮಾರು ೪,೮೦೦ ಅರ್ಜಿ ಕಳಿಸಿದರು. ವಿದ್ಯೆ ಒಂದೇ, ಅನುಭವ ಒಂದೇ, ಬೇರೆಯಾಗಿದ್ದದ್ದು ಹೆಸರು ಮಾತ್ರ. ೨೦೦೭ರಲ್ಲಿ ಪ್ರಕಟವಾದ ಫಲಿತಾಂಶ ಏನು ಹೇಳಿತು? ಮೇಲ್ಜಾತಿಯ ಹೆಸರಿಗೆ ಸಿಕ್ಕ ಕರೆ ದಲಿತ ಹೆಸರಿಗೆ ಅಷ್ಟು ಸಿಗಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಪ್ರತಿಭೆಗೆ ಮಾತ್ರ ಮಣೆ ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ಮೂರನೆಯ ಜರಡಿ ಎಲ್ಲಕ್ಕಿಂತ ಗುಟ್ಟಿನದು. ಅದರ ಹೆಸರು ರೆಫರಲ್. ಒಳಗಿರುವ ನೌಕರ ತನಗೆ ಗೊತ್ತಿರುವವರ ಅರ್ಜಿಯನ್ನು ನೇರವಾಗಿ ಕೈಗೆ ತಲುಪಿಸುತ್ತಾನೆ. ಆ ಅರ್ಜಿ ರಾಶಿಯಲ್ಲಿ ಕೊಳೆಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಗಾದೆ ಇದೆಯಲ್ಲ? ಇಲ್ಲಿ ಪೂಜಾರಿಯ ಪರಿಚಯ ಇದ್ದವನಿಗೆ ಬಾಗಿಲು ಮೊದಲು ತೆರೆಯುತ್ತದೆ. ಒಳಗೆ ಯಾವ ಊರಿನವರು ಹೆಚ್ಚಿದ್ದಾರೋ ಆ ಊರಿನವರೇ ಮತ್ತೆ ಮತ್ತೆ ಒಳಬರುತ್ತಾರೆ. ತುಮಕೂರಿನ, ಗದಗಿನ, ಚಾಮರಾಜನಗರದ ಹುಡುಗಿಗೆ ಬೆಂಗಳೂರಿನ ಗಾಜಿನ ಕಟ್ಟಡದೊಳಗೆ ಯಾರು ಗೊತ್ತು?

೨೦೨೪ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. ೫೦, ಉಳಿದವುಗಳಲ್ಲಿ ಶೇ. ೭೦ ಸ್ಥಳೀಯರಿಗೆ ಎನ್ನುವ ಮಸೂದೆಗೆ ನಮ್ಮ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು, ಸರ್ಕಾರ ಕೂಡಲೇ ತಡೆಹಿಡಿಯಿತು. ಅದು ಬೇರೆ ಹೋರಾಟ. ಆದರೆ ನೆನಪಿಡಿ: ಇಂಥ ಕಾನೂನು ಲೆಕ್ಕ ಹಾಕುವುದು ಕೊನೆಗೆ ಕೆಲಸ ಸಿಕ್ಕವರನ್ನು. ಮೊದಲ ದಿನವೇ ಜರಡಿಯಲ್ಲಿ ಬಿದ್ದವರನ್ನು ಎಣಿಸುವವರು ಯಾರು?

ಸರ್ಕಾರಿ ಜರಡಿಯಾದರೂ ಸರಿಯಿದೆಯೇ? ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಅಂಕ ಅಂತಿಮ ಆಯ್ಕೆಗೆ ಸೇರುವುದಿಲ್ಲ. ಮುಖ್ಯ ಪರೀಕ್ಷೆಗೆ ಯಾರು ಎಂದು ಸೋಸುವುದಷ್ಟೇ ಅದರ ಕೆಲಸ. ೨೦೨೪ರ ಆಗಸ್ಟ್ ೨೭ರಂದು ನಡೆದ ಆ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಅನುವಾದದ ತಪ್ಪುಗಳಿಂದ ತುಂಬಿದ್ದವು. ಹುಡುಗರು ಬೀದಿಗಿಳಿದರು. ಮರುಪರೀಕ್ಷೆ ಡಿಸೆಂಬರ್ ೨೯ರಂದು ನಡೆಯಿತು. ಮತ್ತೆ ಅದೇ ಗೋಳು! ಕರ್ನಾಟಕದ ಆಡಳಿತ ನಡೆಸುವವರನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದವನಿಗೇ ಪ್ರಶ್ನೆ ಅರ್ಥವಾಗಲಿಲ್ಲ. ಮೊದಲ ಜರಡಿಯ ತಪ್ಪನ್ನು ಮುಂದಿನ ಯಾವ ಹಂತವೂ ತಿದ್ದಲಾರದು, ಏಕೆಂದರೆ ಬಿದ್ದವನು ಮುಂದಿನ ಹಂತದಲ್ಲಿ ಇರುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಕೂತು ಅಳಬೇಡಿ. ಮಾಡುವುದು ಬೇಕಾದಷ್ಟಿದೆ.

ಒಂದು, ಒಂದೇ ಅರ್ಜಿಯನ್ನು ನೂರು ಕಡೆ ಕಳಿಸಬೇಡಿ. ಜಾಹೀರಾತು ಓದಿ, ನಿಮಗೆ ನಿಜವಾಗಿ ಬರುವ ಕೆಲಸಗಳಿಗೆ ಅವರು ಬಳಸಿದ ಪದವನ್ನೇ ಬಳಸಿ. ಅವರು 'ಟ್ಯಾಲಿ, ಜಿಎಸ್‌ಟಿ ರಿಟರ್ನ್' ಎಂದು ಕೇಳಿದಾಗ ನೀವು 'ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ' ಎಂದಷ್ಟೇ ಬರೆದರೆ ಯಂತ್ರಕ್ಕೆ ತಿಳಿಯದು. ಬಾರದ್ದನ್ನು ಮಾತ್ರ ಬರೆಯಬೇಡಿ, ಸಂದರ್ಶನದಲ್ಲಿ ಸಿಕ್ಕಿಬೀಳುತ್ತೀರಿ.

ಎರಡು, ಅಲಂಕಾರ ಬೇಡ. ಬಣ್ಣದ ಚೌಕ, ಚಿತ್ರ, ಸ್ಕ್ಯಾನ್ ಮಾಡಿದ ಹಾಳೆ ಇವನ್ನು ಹಲವು ಯಂತ್ರಗಳು ಸರಿಯಾಗಿ ಓದವು. ಸಾದಾ ಅಕ್ಷರ, ಎರಡು ಪುಟ ಮೀರದಿರಲಿ. ಮುಖ್ಯವಾದದ್ದು ಮೊದಲ ಪುಟದ ಮೇಲ್ಭಾಗದಲ್ಲಿರಲಿ.

ಮೂರು, ನಡುವೆ ವರ್ಷ ಖಾಲಿ ಹೋಗಿದ್ದರೆ ಮುಚ್ಚಿಡಬೇಡಿ. ತಂದೆಯ ಕಾಯಿಲೆಯೋ, ಪರೀಕ್ಷೆಯ ತಯಾರಿಯೋ, ಒಂದು ಸಾಲಿನಲ್ಲಿ ಹೇಳಿ.

ನಾಲ್ಕು, ಕನ್ನಡವನ್ನು ಅವಮಾನದಂತೆ ಬಚ್ಚಿಡಬೇಡಿ. ಬ್ಯಾಂಕು, ಆಸ್ಪತ್ರೆ, ವಿಮೆ, ಮಾರಾಟ, ಗ್ರಾಹಕ ಸೇವೆ ಇಲ್ಲೆಲ್ಲ ಎದುರಿಗೆ ಬರುವವನು ಕನ್ನಡಿಗ. ಅವನ ಮಾತು ನಿಮಗೆ ಬರುತ್ತದೆ, ಅದು ವಿದ್ಯೆ! 'ಕನ್ನಡ: ಓದು, ಬರಹ, ಮಾತು' ಎಂದು ಎದ್ದು ಕಾಣುವಂತೆ ಬರೆಯಿರಿ.

ಐದು, 'ನೀವು ಶಾರ್ಟ್‌ಲಿಸ್ಟ್ ಆಗಿದ್ದೀರಿ, ಹಣ ಕಟ್ಟಿ' ಎಂದು ಕರೆ ಬಂದರೆ ಫೋನ್ ಇಡಿ. ಅದು ಕೆಲಸವಲ್ಲ, ಬಲೆ.

ಆರು, ಸರ್ಕಾರಿ ಪರೀಕ್ಷೆಯಾದರೆ ಕೀ ಉತ್ತರಗಳಿಗೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ. ಕಟ್ ಆಫ್ ಎಷ್ಟು, ಹೇಗೆ ಸೋಸಿದಿರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿಯ ಅರ್ಜಿ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಕೆಲಸದಲ್ಲಿರುವ ಗೆಳೆಯರಿಗೆ ಒಂದು ಮಾತು. ನವೆಂಬರ್ ಒಂದರಂದು ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೀರಿ, ಸಂತೋಷ. ಆದರೆ ಈ ವರ್ಷ ನಿಮ್ಮ ಕಂಪನಿಯಲ್ಲಿ ಎಷ್ಟು ಜಾಗ ಖಾಲಿಯಾಯಿತು? ಎಷ್ಟು ಮಂದಿ ಅರ್ಹ ಹುಡುಗ ಹುಡುಗಿಯರ ಅರ್ಜಿಯನ್ನು ನೀವು ಒಳಗೆ ತಲುಪಿಸಿದಿರಿ? ಅನರ್ಹರನ್ನು ನುಗ್ಗಿಸಿ ಎನ್ನುತ್ತಿಲ್ಲ. ಅರ್ಹರು ರಾಶಿಯ ತಳದಲ್ಲಿ ಕೊಳೆಯದಂತೆ ನೋಡಿ ಎನ್ನುತ್ತಿದ್ದೇನೆ. ನಿಮ್ಮ ಕಾಲೇಜಿನ ಕಿರಿಯರಿಗೆ ಭಾನುವಾರ ಒಂದು ಗಂಟೆ ಕೊಡಿ, ಅವರ ಅರ್ಜಿ ತಿದ್ದಿಕೊಡಿ.

ಕೆಲಸ ಹುಡುಕುತ್ತಿರುವವರೇ, ನೀವೂ ಒಂದು ದಿನ ಮೇಜಿನ ಆ ಬದಿಯಲ್ಲಿ ಕೂರುತ್ತೀರಿ. ನಿಮ್ಮ ಮುಂದೆಯೂ ಇನ್ನೂರು ಅರ್ಜಿ ಬೀಳುತ್ತವೆ. ಆಗ ಪಿಯುಸಿಯ ಶೇ. ೫೯ ನೋಡಿ ಹಾಳೆ ಮಗುಚಬೇಡಿ. ಹೆಸರು ನೋಡಬೇಡಿ, ಜಾತಿ ಹುಡುಕಬೇಡಿ. ಕೆಲಸ ಬರುತ್ತದೆಯೇ ಎಂದು ನೋಡಿ. ಬೇಡವಾದವರಿಗೂ ಒಂದು ಸಾಲಿನ ಉತ್ತರ ಕಳಿಸಿ.